ಮನೆಗೆ ಬೆಲೆ ಕೇಳುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಊರು ಬಿಟ್ಟು ಬಂದ ನಮ್ಮಂಥವರಿಗೆ ಇಂದು ಮನೆ ಕಟ್ಟುವ ಯೋಗಕ್ಕಿಂತ ಕೊಳ್ಳುವ ಯೋಗವೇ ಹೆಚ್ಚು. 1956ರ ವರೆಗೆ ಕಲಬುರ್ಗಿ, ಬೀದರ, ರಾಯಚೂರಿನವರಿಗೆ ಹೈದರಾಬಾದೇ ರಾಜಧಾನಿಯಾಗಿತ್ತು. ಈಗ ಕನ್ನಡನಾಡಿನ ಬೇರೆ ಕಡೆಗಳಿಂದಲೂ ಉದ್ಯೋಗಕ್ಕಾಗಿ ಬಂದವರು ಮಣಿಕೊಂಡದಂಥ ಬಡಾವಣೆಗಳಲ್ಲಿ ಬಾಡಿಗೆಗಿದ್ದು, ಅಲ್ಲಿಯೇ ಒಂದು ಫ್ಲಾಟನ್ನು ಕೊಳ್ಳಲು ಮನಸ್ಸು ಮಾಡುತ್ತಾರೆ. ಮಾರುವವರು 88 ಲಕ್ಷ ಎಂದರೆ ನಾವು ಎಷ್ಟಕ್ಕೆ ಕೇಳುವುದು? ಈ ಪ್ರಶ್ನೆಗೆ ಉತ್ತರ ದಲ್ಲಾಳಿಯ ಬಾಯಲ್ಲಿಲ್ಲ. ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿದೆ.

ಬೆಲೆಗಿಂತ ಮೊದಲು ಹಕ್ಕು. ಮಣಿಕೊಂಡ ಜಾಗೀರಿನ 1,654 ಎಕರೆ 32 ಗುಂಟೆ ಭೂಮಿ ಹಜ್ರತ್ ಹುಸೇನ್ ಷಾ ವಲಿ ದರ್ಗಾದ ವಕ್ಫ್ ಆಸ್ತಿಯೋ ಸರಕಾರದ್ದೋ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಅದು ಸರಕಾರದ್ದೆಂದು ಸುಪ್ರೀಂ ಕೋರ್ಟು ತೀರ್ಪಿತ್ತದ್ದು 2022ರ ಫೆಬ್ರುವರಿ 7ರಂದು. ಅಷ್ಟು ಕಾಲ ಅಲ್ಲಿ ಹಣ ಹೂಡಿದವರ ಚಿಂತೆ ಎಂಥದೆಂಬುದನ್ನು ಬಿಡಿಸಿ ಹೇಳಬೇಕೆ? ಆದುದರಿಂದ ಸರ್ವೇ ನಂಬರು, ಮೂಲ ಪತ್ರಗಳು, ಋಣಭಾರ ಪತ್ರ, ಕಟ್ಟಡದ ಮಂಜೂರಾದ ನಕ್ಷೆ ಇವನ್ನು ವಕೀಲರಿಂದ ಪರಿಶೀಲಿಸಿಕೊಳ್ಳುವ ತನಕ ಯಾವ ಮೊತ್ತವನ್ನೂ ಬಾಯಿಬಿಟ್ಟು ಹೇಳಬಾರದು. ಹಕ್ಕು ಶುದ್ಧವಿಲ್ಲದ ಮನೆ ಅರ್ಧ ಬೆಲೆಗೆ ಬಂದರೂ ತುಟ್ಟಿಯೇ.

ಎರಡನೆಯದು ಹೋಲಿಕೆ. ಅದೇ ಕಟ್ಟಡದಲ್ಲಿ ಅಥವಾ ಪಕ್ಕದ ಬೀದಿಯಲ್ಲಿ ಇತ್ತೀಚೆಗೆ ನಿಜವಾಗಿ ಮಾರಾಟವಾದ ಮನೆಗಳ ಬೆಲೆ ವಿಚಾರಿಸಬೇಕು. ಜಾಹೀರಾತಿನಲ್ಲಿರುವುದು ಮಾರುವವರ ಆಸೆಯ ಬೆಲೆ. ಚದರಡಿಯ ದರ ಹೋಲಿಸುವಾಗ ಮೆಟ್ಟಿಲು, ಮೊಗಸಾಲೆಗಳ ಪಾಲು ಸೇರಿಸಿದ ಅಳತೆಯೋ, ಮನೆಯೊಳಗಿನ ಅಳತೆಯೋ ಎಂದು ಕೇಳಿ. ನೆಲದಲ್ಲಿ ನಮ್ಮ ಪಾಲಿಗೆ ಎಷ್ಟು ಚದರ ಗಜ ಬರುತ್ತದೆಂಬುದನ್ನು ಕ್ರಯಪತ್ರದಲ್ಲೇ ನೋಡಬೇಕು. ಕಟ್ಟಡ ಹಳತಾಗುತ್ತದೆ; ನೆಲ ಉಳಿಯುತ್ತದೆ.

ಮೂರನೆಯದು ನಮ್ಮ ಶಕ್ತಿ. ಒಂದು ಸಂಸಾರದ ಕೈಯಲ್ಲಿ 25 ಲಕ್ಷ ಉಳಿತಾಯವಿದೆ ಎಂದಿಟ್ಟುಕೊಳ್ಳೋಣ. ಸಾಗಣೆ, ಬಣ್ಣ, ರಿಪೇರಿ, ಆಪತ್ತಿಗೊಂದಿಷ್ಟು ಎಂದು 3 ಲಕ್ಷ ಎತ್ತಿಡಬೇಕು. ಉಳಿದುದು 22 ಲಕ್ಷ. ಸಾಲದ ಮೊತ್ತ 30ರಿಂದ 75 ಲಕ್ಷದೊಳಗಿದ್ದರೆ ಬ್ಯಾಂಕು ಮನೆಯ ಬೆಲೆಯ ನೂರಕ್ಕೆ 80ಕ್ಕಿಂತ ಹೆಚ್ಚು ಕೊಡುವಂತಿಲ್ಲವೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಮುದ್ರಾಂಕ, ವರ್ಗಾವಣೆ ಸುಂಕ, ನೋಂದಣಿ ಶುಲ್ಕಗಳನ್ನು ಕೈಯಿಂದಲೇ ಭರಿಸಬೇಕು. ತೆಲಂಗಾಣದಲ್ಲಿ 2021ರ ಜುಲೈಯಲ್ಲಿ ಇವು ಒಟ್ಟು ನೂರಕ್ಕೆ 6ರಿಂದ 7.5ಕ್ಕೆ ಏರಿದವು. ಈ ಲೆಕ್ಕದಂತೆ 80 ಲಕ್ಷದ ಮನೆಗೆ ಸಾಲ 64 ಲಕ್ಷ, ಕೈಯಿಂದ 16 ಲಕ್ಷ, ನೋಂದಣಿಗೆ 6 ಲಕ್ಷ. ಅಲ್ಲಿಗೆ 22 ಲಕ್ಷ ಮುಗಿಯಿತು. ತಿಂಗಳ ಕಂತನ್ನು ಸಂಬಳ ತಾಳುವುದಾದರೆ 80 ಲಕ್ಷವೇ ಈ ಸಂಸಾರದ ಮೇರೆ. ಕಟ್ಟುತ್ತಿರುವ ಮನೆಯಾದರೆ ಜಿ.ಎಸ್.ಟಿ. ಬೇರೆ ಇರುತ್ತದೆ; ಮೇರೆ ಇನ್ನೂ ಕೆಳಗಿಳಿಯುತ್ತದೆ.

ಈ ಮೇರೆಯನ್ನು ಗಂಡಹೆಂಡಿರಿಬ್ಬರೂ ಕೂತು ಕಾಗದದಲ್ಲಿ ಬರೆದಿಡುವುದು ಒಳ್ಳೆಯದು. ಮಾತುಕತೆಯಲ್ಲಿ ಮೊದಲು 75 ಲಕ್ಷಕ್ಕೆ ಕೇಳಿ, ಕಾರಣವನ್ನೂ ಸೌಮ್ಯವಾಗಿ ತಿಳಿಸಬೇಕು: ಪಕ್ಕದ ಮನೆ ಇಷ್ಟಕ್ಕೆ ಹೋಗಿದೆ, ಸ್ನಾನದ ಮನೆಯ ಗೋಡೆ ತೇವ ಹಿಡಿದಿದೆ ಎಂದು. ಕಾರಣವಿಲ್ಲದ ಚೌಕಾಸಿ ಮಾರುವವರಿಗೆ ಅವಮಾನವೆನಿಸುತ್ತದೆ. ಕಾರಣವಿದ್ದರೆ ಅವರೂ ಲೆಕ್ಕ ಹಾಕುತ್ತಾರೆ. ಒಪ್ಪಿದರೆ ಮುಂಗಡ ಕೊಡುವಾಗ, ಹಕ್ಕಿನಲ್ಲಿ ದೋಷ ಕಂಡರೆ ಅಥವಾ ಸಾಲ ಮಂಜೂರಾಗದಿದ್ದರೆ ಹಣ ಹಿಂದಿರುಗಿಸತಕ್ಕದ್ದೆಂದು ಕರಾರಿನಲ್ಲಿ ಬರೆಸಿಕೊಳ್ಳಬೇಕು.

“ಇನ್ನೊಬ್ಬರು ನಾಳೆಯೇ ಬರುತ್ತಾರೆ, ಇನ್ನೆರಡು ಲಕ್ಷ ಸೇರಿಸಿ” ಎಂದು ದಲ್ಲಾಳಿ ಅವಸರ ಮಾಡಬಹುದು. ಆ ಎರಡು ಲಕ್ಷ ಎಲ್ಲಿಂದ ಬರಬೇಕು? ಹೆಂಡತಿಯ ಬಳೆಯಿಂದ, ಮಗಳ ಕಾಲೇಜಿನ ಹಣದಿಂದ, ಊರಿನಲ್ಲಿರುವ ತಾಯಿತಂದೆಯರ ಔಷಧಿಯ ಖರ್ಚಿನಿಂದ. ಅಂಥ ಸಮಯದಲ್ಲಿ ಕೈಮುಗಿದು ಎದ್ದು ಬರುವುದೇ ಜಾಣತನ. ಮಣಿಕೊಂಡದಲ್ಲಿ ಮನೆಗಳಿಗೆ ಬರವಿಲ್ಲ. ಸಂಸಾರದ ನೆಮ್ಮದಿ ಮಾತ್ರ ಕ್ರಯಕ್ಕೆ ಸಿಕ್ಕುವ ವಸ್ತುವಲ್ಲ.