ಹುಲಿ-ಕುರಿ ಆಡಲು ಮೈಸೂರಿಗೆ ಹೋಗಬೇಕೆ?

ಮೊನ್ನೆ ತುಮಕೂರಿನಿಂದ ಗುಬ್ಬಿ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಹುಡುಗ ಮೊಬೈಲಿನಲ್ಲಿ ಲೂಡೊ ಆಡುತ್ತಿದ್ದ. ಎದುರಾಳಿ ಯಾರಪ್ಪಾ ಅಂದೆ. "ಗೊತ್ತಿಲ್ಲ ಅಂಕಲ್, ಯಾರೋ" ಅಂದ. ಗುಬ್ಬಿ ಬರುವಷ್ಟರಲ್ಲಿ ಎರಡು ಆಟ ಸೋತ. ಸೋತವನ ಮುಖ ನೋಡಿ ನಗುವುದಕ್ಕೆ ಎದುರಿಗೆ ಒಂದು ನರಪಿಳ್ಳೆಯೂ ಇಲ್ಲ. ಇದೆಂಥ ಆಟ ಸ್ವಾಮಿ?

ನನ್ನ ಚೀಲದಲ್ಲೂ ಒಂದು ಆಟವಿತ್ತು. ಮೈಸೂರಿನ ಮೇಳದಿಂದ ತಂದ ಚೌಕಾಬಾರದ ಬಟ್ಟೆ. ಗುಬ್ಬಿಯಲ್ಲಿರುವ ನಮ್ಮ ಸೋದರತ್ತೆಗೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಳ್ಳೋಣ ಎಂದು ಹೊರಟಿದ್ದೆ.

ಮೇಳದ ವಿಷಯ ಮೊದಲು ಹೇಳಿಬಿಡುತ್ತೇನೆ. ಮೈಸೂರು ಮೃಗಾಲಯದ ಎದುರಿಗೆ ಪ್ರತಿಮಾ ಗ್ಯಾಲರಿ ಅಂತಿದೆ. ಅಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 2007ರಲ್ಲಿ 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನ ಶುರು ಮಾಡಿದರು. ಮಣೆ ಆಟಗಳದ್ದೇ ಮೇಳ. ಪಗಡೆ, ಚೌಕಾಬಾರ, ಅಳಗುಳಿ ಮಣೆ, ಹುಲಿ-ಕುರಿ, ಪರಮಪದ ಸೋಪಾನಪಟ. ಕಲಂಕಾರಿ ಬಟ್ಟೆಯ ಮೇಲೆ, ಮರದ ಹಲಗೆಯ ಮೇಲೆ ಬರೆದದ್ದು. ಕಾಯಿಗಳೋ, ಚನ್ನಪಟ್ಟಣದ ಅರಗಿನ ಬಣ್ಣದವು.

ಮೈಸೂರಿಗೇ ಯಾಕೆ ಈ ಹುಚ್ಚು ಅಂದರೆ ಅದಕ್ಕೂ ಕಾರಣವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1831ರಲ್ಲಿ ಇಂಗ್ಲಿಷರು ಆಡಳಿತ ಕಿತ್ತುಕೊಂಡರು. ಸಿಂಹಾಸನ ಉಂಟು, ಕೆಲಸವಿಲ್ಲ. ದೊರೆ ತಲೆಯನ್ನು ಆಟಗಳಿಗೆ ಕೊಟ್ಟರು. ಹೊಸ ಹೊಸ ಮಣೆ ಆಟಗಳನ್ನೇ ಕಟ್ಟಿದರು. ಅವು ಇವತ್ತಿಗೂ ಜಗನ್ಮೋಹನ ಅರಮನೆಯ ಗೋಡೆಗಳ ಮೇಲಿವೆ. ಚದುರಂಗದ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ನುಗ್ಗಿಸುವ ಲೆಕ್ಕವನ್ನು ಬಿಡಿಸಿದವರು ಅವರು. ಕುದುರೆಗೆ ಹೆಸರಾದ ಕುಣಿಗಲ್ಲಿನವರು ಈ ಕುದುರೆಯನ್ನೂ ಒಮ್ಮೆ ಓಡಿಸಿ ನೋಡಬೇಕು; ಲಾಯ ಬೇಡ, ಹುಲ್ಲು ಬೇಡ!

ಮೇಳದಲ್ಲಿ ನನಗೆ ಹಿಡಿಸಿದ್ದು ಬಣ್ಣವಲ್ಲ, ಕೂತು ಆಡುವುದಕ್ಕೆ ಬಿಟ್ಟದ್ದು. ಹುಲಿ-ಕುರಿ ಮುಂದೆ ನಿಂತಿದ್ದೆ. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿದರೆ ಕುರಿ ಮಾಯ. ಕುರಿಗಳು ಒತ್ತೊತ್ತಾಗಿ ಸುತ್ತುಗಟ್ಟಿದರೆ ಹುಲಿ ಕಟ್ಟಿಹಾಕಿದ ಹಾಗೆ. ಸ್ಕೂಲಿನ ಹುಡುಗಿಯೊಬ್ಬಳು "ನೀವು ಹುಲಿ ಆಗಿ ಅಂಕಲ್" ಅಂದಳು. ಆದೆ. ನಾಲ್ಕು ಕುರಿ ತಿಂದು ಮೀಸೆ ತಿರುವುವಷ್ಟರಲ್ಲಿ ನನ್ನ ಮೂರೂ ಹುಲಿಗೆ ಮಿಸುಕಾಡಲು ಜಾಗವಿಲ್ಲ. ಹತ್ತು ನಿಮಿಷದಲ್ಲಿ ಕಲಿತೆ, ಹನ್ನೊಂದನೇ ನಿಮಿಷ ಸೋತೆ, ಹನ್ನೆರಡನೇ ನಿಮಿಷ ಜೇಬಿಗೆ ಕೈಹಾಕಿದೆ. ವ್ಯಾಪಾರ ಅಂದರೆ ಹಾಗೆ.

ನಮ್ಮ ತುಮಕೂರಿನ ಅಂಗಡಿಗಳ ಕಥೆ ಬೇರೆ. ಮೈಸೂರಿಗೆ ಹೋಗುವ ಮುನ್ನ ನಾಲ್ಕು ಅಂಗಡಿ ಸುತ್ತಿ ಅಳಗುಳಿ ಮಣೆ ಕೇಳಿದ್ದೆ. ಒಬ್ಬರು ಕೇರಂ ಬೋರ್ಡ್ ತೋರಿಸಿದರು. ಇನ್ನೊಬ್ಬರು ಅಟ್ಟದಿಂದ ಡಬ್ಬಿ ಇಳಿಸಿ ಧೂಳು ಒರೆಸಿ, "ಓಡಲ್ಲ ಸಾರ್ ಇದು" ಅಂದರು. ತೆಗೆದು ತೋರಿಸಿ ಅಂದೆ. "ಸೀಲ್ ಒಡೀಬಾರ್ದು ಸಾರ್." ಅಲ್ಲಾ ಯಜಮಾನರೇ, ಸೀರೆ ಅಂಗಡಿಯಲ್ಲಿ ಇಪ್ಪತ್ತು ಸೀರೆ ಬಿಡಿಸಿ ಹಾಕುತ್ತಾರೆ, ಕಡಲೆಕಾಯಿ ಅಂಗಡಿಯಲ್ಲಿ ಒಂದು ಹಿಡಿ ತಿಂದು ನೋಡಿ ಅನ್ನುತ್ತಾರೆ. ಆಟದ ಡಬ್ಬಿ ಮಾತ್ರ ಮುಚ್ಚಿಟ್ಟೇ ಮಾರಬೇಕೆ? ಓಡಲ್ಲ ಅಂದರೆ ಹೇಗೆ ಓಡೀತು!

ಜರ್ಮನಿಯ ಎಸೆನ್ ಊರಿನಲ್ಲಿ 1983ರಿಂದ ಆಟಗಳ ಸಂತೆ ನಡೆಯುತ್ತಿದೆ. ನಾಲ್ಕು ದಿನದಲ್ಲಿ ಲಕ್ಷಾಂತರ ಜನ. ಮೇಜು ಮೇಜಿನಲ್ಲೂ ಹೊಸ ಆಟ ಬಿಚ್ಚಿಟ್ಟು, ಹೇಳಿಕೊಡಲು ಒಬ್ಬರನ್ನು ಕೂರಿಸಿರುತ್ತಾರೆ. ನಮ್ಮವರು ಅಷ್ಟು ಮಾಡುವುದು ಬೇಡ. ಒಂದೇ ಒಂದು ಡಬ್ಬಿ ಒಡೆದು, ಗಲ್ಲಾಪೆಟ್ಟಿಗೆ ಪಕ್ಕದ ಸ್ಟೂಲಿನ ಮೇಲೆ ಹರಡಲಿ. 2025ರ ಸೆಪ್ಟೆಂಬರ್ 22ರಿಂದ ಚೆಸ್, ಕೇರಂ, ಲೂಡೊ ತರಹದ ಆಟಗಳ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಸರ್ಕಾರವೇ ಇಳಿದ ಮೇಲೆ ಸೀಲಿನದೇನು ದೊಡ್ಡ ಮಾತು?

ಇನ್ನೊಂದು ಸಂಗತಿ ಹೊಟ್ಟೆ ಉರಿಸಿತು. ಮೈಸೂರಿನಿಂದ ಮದ್ದೂರು ಮೇಲೆ ಬರುವಾಗ ಕುಣಿಗಲ್ಲಿನಲ್ಲಿ ಇಳಿದು ನಮ್ಮ ತಾಯಿಯ ಊರಿಗೆ ಹೋಗಿದ್ದೆ. ಊರ ಹೆಸರು ಬೇಡ, ಬೈಸಿಕೊಳ್ಳುವುದು ನಾನು. ಅರಳಿಕಟ್ಟೆಯ ಚಪ್ಪಡಿಯ ಮೇಲೆ ಹುಲಿ-ಕುರಿಯ ಗೆರೆ ಕೊರೆದಿತ್ತು. ಎಷ್ಟು ಕಾಲದ್ದೋ, ಅಜ್ಜಂದಿರು ಆಡಿ ಆಡಿ ನುಣುಪಾಗಿತ್ತು. ಈಗ ಕಟ್ಟೆಗೆ ಫಳಫಳ ಗ್ರಾನೈಟ್! ಹಳೇ ಕಲ್ಲು ಎಲ್ಲಿ ಅಂದರೆ, "ಅದಾ, ಚರಂಡಿ ಮ್ಯಾಲೆ ಮುಚ್ಚೈತೆ ನೋಡಣ್ಣ." ಹೋಗಿ ನೋಡಿದೆ. ಗೆರೆ ಮೇಲ್ಮುಖವಾಗೇ ಇದೆ. ಮೇಲೊಂದು ಸ್ಕೂಟರ್ ನಿಂತಿದೆ. ಗೆರೆ ಹಾಕಿದ ಕಲ್ಲು ಯಾವ ಪಟ್ಟಿಗೂ ಸೇರುವುದಿಲ್ಲ, ಅದಕ್ಕೆ ಪೂಜೆಯೂ ಇಲ್ಲ. ಕಂಟ್ರಾಕ್ಟರಿಗೆ ಅದು ಬರೀ ಕಲ್ಲು. ಕಟ್ಟೆ ರಿಪೇರಿಗೆ ಮುಂಚೆ ಊರಿನ ಮುದುಕರನ್ನು ಒಂದು ಮಾತು ಕೇಳಿದ್ದರೆ ಖರ್ಚೇನೂ ಬರುತ್ತಿರಲಿಲ್ಲ.

ಗುಬ್ಬಿಯಲ್ಲಿ ಅತ್ತೆಯ ಮುಂದೆ ಬಟ್ಟೆ ಹಾಸಿದೆ. ಮುಟ್ಟಿ ನೋಡಿದರು, ಬೆಲೆ ಕೇಳಿದರು, ಕೆನ್ನೆಗೆ ಕೈ ಇಟ್ಟುಕೊಂಡರು. "ಇಪ್ಪತ್ತೈದು ಮನೆಗೆ ಇಷ್ಟು ದುಡ್ಡು ಕೊಟ್ಯೇನೋ? ಮನೆ ಕಟ್ಟಿಸ್ದಂಗಾಯ್ತು!" ಬಟ್ಟೆ ಮಡಿಸಿ ಪಕ್ಕಕ್ಕಿಟ್ಟರು. ಸೀಮೆಸುಣ್ಣದಲ್ಲಿ ಜಗಲಿ ಮೇಲೆ ಐದಕ್ಕೈದು ಗೆರೆ ಎಳೆದರು. ಕವಡೆ ತಂದಿದ್ದೇನೆ ಅಂದರೂ ಕೇಳಲಿಲ್ಲ. ನಾಲ್ಕು ಹುಣಸೆ ಬೀಜ ತಂದು ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿದರು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಎಂಟು. ತುಮಕೂರು ಮಾರುಕಟ್ಟೆಗೆ ಲೋಡುಗಟ್ಟಲೆ ಹುಣಸೆ ಬರುತ್ತದೆ, ಕಾಸಿಲ್ಲದ ದಾಳ ನಮ್ಮ ಕಾಲಡಿಯಲ್ಲೇ ಇದೆ. ಈ ಯೋಚನೆ ನನಗೆ ಮೈಸೂರಿನಲ್ಲಿ ಬರಲಿಲ್ಲ.

ಆಟದ ನಡುವೆ ಜಗಳ. ಎರಡು ಕಾಯಿ ಜೋಡಿಯಾಗಿ ಗಟ್ಟಿಯಾದರೆ, ಒಂಟಿ ಕಾಯಿ ಅದನ್ನು ದಾಟಬಹುದೇ? ಕುಣಿಗಲ್ಲಿನ ನಮ್ಮ ತಾಯಿಮನೆಯಲ್ಲಿ ದಾಟುತ್ತಿದ್ದೆವು. "ಅದು ಆ ಕಡೆಯೋರ ಆಟ. ಇದು ಗುಬ್ಬಿ, ಹಿಂದಕ್ಕೆ ಇಡು ಕಾಯಿ" ಅಂದರು ಅತ್ತೆ. ಇಂಥ ಕಾನೂನು ಯಾವ ಪುಸ್ತಕದಲ್ಲೂ ಇಲ್ಲ, ಮನೆಮನೆಯ ಮುದುಕಿಯರ ತಲೆಯಲ್ಲಿದೆ. ಅತ್ತೆಗೆ ಎಪ್ಪತ್ತೊಂಬತ್ತು. ಮೊಮ್ಮಗ ಒಳಗೆ ಮೊಬೈಲ್ ಹಿಡಿದು ಕೂತಿದ್ದ. ನಮ್ಮ ಗಲಾಟೆ ಕೇಳಿ ಹೊರಗೆ ಬಂದ. ಹೊಸಿಲ ಮೇಲೆ ಸ್ವಲ್ಪ ಹೊತ್ತು ನಿಂತ. ಆಮೇಲೆ, "ಅಜ್ಜಿ, ನನಗೆ ಯಾವ ಕಾಯಿ?" ಅಂದ.

ಅವನಿಗೆ ಮುರಿದ ಬಳೆ ಚೂರು ಕೊಟ್ಟರು. ಇಬ್ಬರನ್ನೂ ಸೇರಿಸಿ ಮೂರು ಆಟ ಸೋಲಿಸಿದರು. ತುಮಕೂರಿನ ಕೊನೇ ಬಸ್ಸಿಗೆ ನಾನು ಓಡುತ್ತಿದ್ದರೆ ಹಿಂದಿನಿಂದ ಕೂಗಿದರು: "ಬಟ್ಟೆ ಬಿಟ್ಟೋಗು, ಟೀವಿ ಮೇಲೆ ಹಾಕ್ತೀನಿ!"