ಮಂದಪ್ರಭೆಯ ಮಹಾಚಕ್ರ

ಕುಂದಲಹಳ್ಳಿಯಿಂದ ಹೂಡಿಯವರೆಗೆ ಹಬ್ಬಿದ ದೀಪಗಳ ಪ್ರಭೆಯಲ್ಲಿ ಆಕಾಶಗಂಗೆಯೇ ಅಳಿಸಿಹೋಗಿರುವ ಬೆಂಗಳೂರಿನ ಬ್ರೂಕ್‌ಫೀಲ್ಡಿನ ಮಹಡಿಯೊಂದರ ಮೇಲೆ ಇರುಳಿನಲ್ಲಿ ತಲೆಯೆತ್ತಿ ನಿಂತವನಿಗೆ, ಕಾರಿರುಳ ಆಗಸದ ಸಹಜ ಕಾಂತಿಗಿಂತಲೂ ಕ್ಷೀಣವಾದ ಗೆಲಾಕ್ಸಿಯೊಂದುಂಟೆಂದರೆ ನಂಬುಗೆ ಹುಟ್ಟುವುದು ಕಷ್ಟ. ಆದರೂ ಅಂಥದೊಂದುಂಟು, ಅದರ ಹೆಸರು ಮಾಲಿನ್ 1. ಅದರ ಒಡಲನ್ನು ಬಗೆದು ನೋಡಿದ ಕಣ್ಣುಗಳಲ್ಲೊಂದು ಸಿದ್ಧವಾದದ್ದು ಇಲ್ಲಿಗೆ ಅನತಿದೂರದ ಹೊಸಕೋಟೆಯಲ್ಲಿ.

ಅತಿಮಂದವಾದ ಬೆಳಕು ಛಾಯಾಫಲಕದ ಲೇಪದ ಮೇಲ್ಪದರದಲ್ಲಿ ಮಾತ್ರ ತನ್ನ ಗುರುತನ್ನುಳಿಸುತ್ತದೆಂಬುದನ್ನರಿತು, ಚದುರಿದ ಬೆಳಕಿನಿಂದ ಆ ಪದರದ ಚಿತ್ರವನ್ನಷ್ಟೇ ಪ್ರತಿಮಾಡಿಕೊಳ್ಳುವ ಉಪಾಯವನ್ನು ಆಸ್ಟ್ರೇಲಿಯದಲ್ಲಿ ದುಡಿಯುತ್ತಿದ್ದ ಡೇವಿಡ್ ಮಾಲಿನ್ ರೂಪಿಸಿದ್ದರು. ಕನ್ಯಾರಾಶಿಯ ಗೆಲಾಕ್ಸಿಗುಚ್ಛದ ಫಲಕಗಳನ್ನು ಹೀಗೆ ಸಂಸ್ಕರಿಸಿದಾಗ ಮೂಡಿದ ಮಸುಕುಕಲೆಗಳಲ್ಲೊಂದು, ಆ ಗುಚ್ಛಕ್ಕೇ ಸೇರಿದ ಅಲ್ಪವಸ್ತುವೆಂದು ತೋರಿದ್ದರೂ, ಅದರ ರೋಹಿತವನ್ನು ಪರಿಶೀಲಿಸಲಾಗಿ ಗುಚ್ಛಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಕ್ಕ ದೂರದಲ್ಲಿ, ನಮ್ಮಿಂದ 100 ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆ ಇರುವುದೆಂದು ತಿಳಿದುಬಂತು. ಬಾಥನ್, ಇಂಪೆ, ಮಾಲಿನ್, ಮೋಲ್ಡ್ ಇವರು 1987ರಲ್ಲಿ ಇದನ್ನು ಪ್ರಕಟಿಸಿದರು. ವಾಮನನೆಂದು ಬಗೆದದ್ದು ತ್ರಿವಿಕ್ರಮನಾಗಿತ್ತು: ಆಕಾಶಗಂಗೆಯ ಹರವು ಸುಮಾರು 1 ಲಕ್ಷ ಜ್ಯೋತಿರ್ವರ್ಷಗಳಾದರೆ ಇದರದು 6 ಲಕ್ಷಕ್ಕೂ ಹೆಚ್ಚು.

ಇಷ್ಟು ದೊಡ್ಡದು ಇಷ್ಟು ಮಂಕಾಗಿರುವುದೇಕೆ? ಜಲಜನಕಕ್ಕೆ ಅಲ್ಲಿ ಬಡತನವಿಲ್ಲ. ಆದರೆ ಅದು ಅಪಾರ ವಿಸ್ತಾರದಲ್ಲಿ ತೆಳುವಾಗಿ ಹರಡಿರುವುದರಿಂದ, ಒತ್ತಾಗಿ ಕೂಡಿ ನಕ್ಷತ್ರವಾಗುವುದು ವಿರಳ. ನಡುಭಾಗದ ಮಾತು ಬೇರೆ. ಹಬಲ್ ದೂರದರ್ಶಕ ತೆಗೆದ ಚಿತ್ರವು 2007ರ ಅಧ್ಯಯನದಲ್ಲಿ ತೋರಿಸಿಕೊಟ್ಟಂತೆ, ಆ ಮಹಾಚಕ್ರದ ಮಧ್ಯದಲ್ಲಿ ಸಾಮಾನ್ಯ ಗೆಲಾಕ್ಸಿಯೊಂದು, ಅದರೊಳಗೆ ನಕ್ಷತ್ರಗಳು ತೊಲೆಯಂತೆ ನೀಳವಾಗಿ ನೆರೆದ ಪಟ್ಟಿಯೊಂದು ಇವೆ.

ಆ ನಡುಭಾಗದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆಯೇ ಎಂಬುದನ್ನು ನೇರಳಾತೀತ ಬೆಳಕು ತಿಳಿಸಬಲ್ಲದು: ಎಳೆಯ, ಸುಡುಬಿಸಿಯ ನಕ್ಷತ್ರಗಳು ನೇರಳಾತೀತ ಕಿರಣಗಳನ್ನು ಧಾರಾಳವಾಗಿ ಸೂಸುತ್ತವೆ. ಅವನ್ನು ನಮ್ಮ ವಾಯುಮಂಡಲ ತಡೆಯುವುದರಿಂದ ನೋಡುವ ಕಣ್ಣು ಅದರ ಮೇಲೇರಬೇಕು. 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದೊಡನೆ ಮೇಲೇರಿದ, ಸುಮಾರು 38 ಸೆಂಟಿಮೀಟರ್ ಕನ್ನಡಿಗಳುಳ್ಳ ನೇರಳಾತೀತ ಅವಳಿ ದೂರದರ್ಶಕವನ್ನು ಜೋಡಿಸಿ ಪರೀಕ್ಷಿಸಿದ್ದು ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಭೌತವಿಜ್ಞಾನಿ ಎಂ. ಜಿ. ಕೆ. ಮೆನನ್‌ರ ಹೆಸರಿನ ಪ್ರಯೋಗಶಾಲೆಯಲ್ಲಿ. ಆ ದೂರದರ್ಶಕದ ಚಿತ್ರಗಳನ್ನಾಧರಿಸಿ ಖಗೋಳವಿಜ್ಞಾನಿ ಕನಕ್ ಸಹಾ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಲೇಖನದಂತೆ, ಮಾಲಿನ್ 1ರ ನಡುಪಟ್ಟಿಯೊಳಗೂ ಹೊಸ ನಕ್ಷತ್ರಗಳು ಹುಟ್ಟಿವೆ. ನೆರೆಯ ಪುಟ್ಟ ಗೆಲಾಕ್ಸಿಯೊಂದರ ಸೆಳೆತ ಇದಕ್ಕೆ ಕಾರಣವಾಗಿರಬಹುದೆಂದು ಅವರ ಊಹೆ.

ಹೊಸಕೋಟೆಯಿಂದ ಶಿಡ್ಲಘಟ್ಟದ ಹಾದಿ ಹಿಡಿಯುವ ಓದುಗರು ಆ ಆವರಣದ ಮುಂದೆ ಒಂದು ಗಳಿಗೆ ನಿಂತು, ಜೊತೆಯ ಮಕ್ಕಳಿಗೆ ಅದನ್ನು ತೋರಿಸಿ ಈ ಕಥೆಯನ್ನು ಹೇಳಬೇಕೆಂದು ನನ್ನ ಪ್ರಾರ್ಥನೆ.