ಬೆಳಗಾವಿ–ಖಾನಾಪುರ ವಿದ್ಯುತ್ ಪ್ರಸರಣ ಮಾರ್ಗಗಳ ಉನ್ನತೀಕರಣ: ಅರ್ಜಿದಾರರ ಹಾಗೂ ಭೂಮಾಲೀಕರ ಗಮನಕ್ಕೆ

ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಗಳು, ನಗರದ ಹೊಸ ಬಡಾವಣೆಗಳು, ರಕ್ಕಸಕೊಪ್ಪ ಹಾಗೂ ಹಿಡಕಲ್ ಜಲಾಶಯಗಳಿಂದ ಕುಡಿಯುವ ನೀರೆತ್ತುವ ಪಂಪುಗಳು ಮತ್ತು ಖಾನಾಪುರ ತಾಲ್ಲೂಕಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಸಮರ್ಪಕ ವಿದ್ಯುತ್ ದೊರೆಯಬೇಕಾದರೆ, ಪ್ರಸರಣ ಮಾರ್ಗಗಳ ಸಾಮರ್ಥ್ಯವೂ ಬೇಡಿಕೆಗೆ ಅನುಗುಣವಾಗಿ ಹೆಚ್ಚಬೇಕಾಗುತ್ತದೆ.

ಹೊಣೆಗಾರಿಕೆ

ಉಪಕೇಂದ್ರಗಳವರೆಗೆ ವಿದ್ಯುತ್ ತಲುಪಿಸುವ ಪ್ರಸರಣ ಕಾರ್ಯವು 1999ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ್ದಾಗಿದೆ. ಗ್ರಾಹಕರಿಗೆ ವಿತರಿಸುವ ಕಾರ್ಯವು 2002ರಲ್ಲಿ ಆರಂಭವಾದ ಹೆಸ್ಕಾಂನದ್ದಾಗಿದೆ. ಹೊಸ ಸಂಪರ್ಕ ಹಾಗೂ ಹೆಚ್ಚುವರಿ ಹೊರೆಗಾಗಿ ಹೆಸ್ಕಾಂ ಉಪವಿಭಾಗಕ್ಕೆ ಅರ್ಜಿ ಸಲ್ಲಿಸತಕ್ಕದ್ದು.

ಉನ್ನತೀಕರಣದ ವಿಧಾನ

ಅದೇ ಪ್ರಮಾಣದ ವಿದ್ಯುತ್ತನ್ನು ಅದೇ ವಾಹಕದಲ್ಲಿ 33 ಕೆ.ವಿ. ಬದಲು 110 ಕೆ.ವಿ. ಒತ್ತಡದಲ್ಲಿ ಸಾಗಿಸಿದಾಗ ತಂತಿಯ ಕಾವಿನಿಂದಾಗುವ ನಷ್ಟವು ಸುಮಾರು ಹನ್ನೊಂದನೇ ಒಂದು ಭಾಗಕ್ಕೆ ಇಳಿಯುತ್ತದೆ. ದೂರದ ಗ್ರಾಮಗಳಲ್ಲಿ ವೋಲ್ಟೇಜ್ ಕುಸಿತವೂ ತಗ್ಗುತ್ತದೆ. ಒತ್ತಡ ಹೆಚ್ಚಿಸುವುದಕ್ಕೆ ಸಾಮಾನ್ಯವಾಗಿ ಹೊಸ ಗೋಪುರಗಳು ಬೇಕಾಗುತ್ತವೆ. ಹಳೆಯ ಗೋಪುರಗಳ ಮೇಲೆಯೇ ಅಧಿಕ ಸಾಮರ್ಥ್ಯದ ತಂತಿ ಅಳವಡಿಸಲು ಸಾಧ್ಯವಾದಲ್ಲಿ ಹೊಸ ಭೂಮಿಯ ಅವಶ್ಯಕತೆ ಕಡಿಮೆ. 2011ರಲ್ಲಿ ಭೀಮಗಡ ವನ್ಯಜೀವಿಧಾಮ ಘೋಷಣೆಯಾದ ಖಾನಾಪುರದ ಅರಣ್ಯ ಪ್ರದೇಶದಲ್ಲಿ ಇದು ಮಹತ್ವದ ಅಂಶ. ಅರಣ್ಯ ಭೂಮಿಯ ಬಳಕೆಗೆ ಕೇಂದ್ರ ಸರ್ಕಾರದ ಅನುಮೋದನೆ ಅಗತ್ಯ.

ಅರ್ಜಿದಾರರಿಗೆ

2024ರಲ್ಲಿ ತಿದ್ದುಪಡಿಯಾದ ಗ್ರಾಹಕರ ಹಕ್ಕುಗಳ ನಿಯಮಗಳಂತೆ, ಪೂರ್ಣ ಅರ್ಜಿ ಸಲ್ಲಿಸಿದ ನಂತರ ಮಹಾನಗರಗಳಲ್ಲದ ನಗರ ಪ್ರದೇಶದಲ್ಲಿ 7 ದಿನ, ಗ್ರಾಮೀಣ ಪ್ರದೇಶದಲ್ಲಿ 15 ದಿನಗಳೊಳಗೆ ಸಂಪರ್ಕ ನೀಡತಕ್ಕದ್ದು. ಮಾರ್ಗ ವಿಸ್ತರಣೆ ಅಥವಾ ಹೊಸ ಉಪಕೇಂದ್ರ ಬೇಕಾದಲ್ಲಿ ಈ ಅವಧಿ ಅನ್ವಯಿಸುವುದಿಲ್ಲ. ಆಯೋಗವು ನಿಗದಿಪಡಿಸಿದ ಅವಧಿ ಅನ್ವಯಿಸುತ್ತದೆ. ವಿಳಂಬವಾದಲ್ಲಿ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯುವುದು ಸೂಕ್ತ.

ಭೂಮಾಲೀಕರಿಗೆ

ಮಾರ್ಗ ಹಾದುಹೋದ ಮಾತ್ರಕ್ಕೆ ಜಮೀನಿನ ಒಡೆತನ ಬದಲಾಗುವುದಿಲ್ಲ. ಆದರೆ 110 ಕೆ.ವಿ. ಮಾರ್ಗಕ್ಕೆ 22 ಮೀಟರ್, 220 ಕೆ.ವಿ. ಮಾರ್ಗಕ್ಕೆ 35 ಮೀಟರ್ ಅಗಲದ ಪಟ್ಟಿಯಲ್ಲಿ ಕಟ್ಟಡ ಕಟ್ಟುವಂತಿಲ್ಲ, ಎತ್ತರದ ಮರ ಬೆಳೆಸುವಂತಿಲ್ಲ. ಕೇಂದ್ರ ಇಂಧನ ಸಚಿವಾಲಯದ ಜೂನ್ 2024ರ ಮಾರ್ಗಸೂಚಿಯು ಗೋಪುರದ ತಳಕ್ಕೆ ಭೂಮೌಲ್ಯದ ಶೇ. 200, ತಂತಿಯ ಪಟ್ಟಿಗೆ ಶೇ. 30 ಪರಿಹಾರವನ್ನು ಶಿಫಾರಸು ಮಾಡಿದೆ. ತಮ್ಮ ಜಮೀನಿಗೆ ಅನ್ವಯಿಸುವ ದರವನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಖಚಿತಪಡಿಸಿಕೊಂಡ ನಂತರವೇ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಲು ಕೋರಲಾಗಿದೆ. ಪಹಣಿ ಹಾಗೂ ಬೆಳೆ, ಮರಗಳ ಮಹಜರಿನ ಪ್ರತಿಯನ್ನು ಕಾಯ್ದಿಟ್ಟುಕೊಳ್ಳುವುದು.

ವಿದ್ಯುತ್ ವ್ಯತ್ಯಯದ ದೂರುಗಳಿಗೆ ಸಹಾಯವಾಣಿ 1912ನ್ನು ಸಂಪರ್ಕಿಸಬಹುದು.